ಶೆಫೀಲ್ಡ್ ಫುಟ್‌ಬಾಲ್ ಕ್ಲಬ್: ಸ್ಥಾಪನೆ ಮತ್ತು ಆರಂಭದ ದಶಕಗಳು

ಶೆಫೀಲ್ಡ್ ಫುಟ್‌ಬಾಲ್ ಕ್ಲಬ್ ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತ್ಯದ ಉಕ್ಕಿನ ಊರು ಶೆಫೀಲ್ಡ್‌ನಲ್ಲಿ 1857ರ ಅಕ್ಟೋಬರ್ 24ರಂದು ಸ್ಥಾಪನೆಯಾಯಿತು. ಇಂದಿಗೂ ಆಡುತ್ತಿರುವ ಫುಟ್‌ಬಾಲ್ ಕ್ಲಬ್ಬುಗಳಲ್ಲಿ ಇದೇ ಎಲ್ಲಕ್ಕಿಂತ ಹಳೆಯದು ಎಂಬುದನ್ನು ಫಿಫಾ ಒಪ್ಪಿಕೊಂಡಿದೆ. 2004ರಲ್ಲಿ ಫಿಫಾ ತನ್ನ 'ಆರ್ಡರ್ ಆಫ್ ಮೆರಿಟ್' ಗೌರವವನ್ನು ಎರಡೇ ಕ್ಲಬ್ಬುಗಳಿಗೆ ಕೊಟ್ಟಿತು. ಒಂದು ಸ್ಪೇನಿನ ರಿಯಲ್ ಮ್ಯಾಡ್ರಿಡ್, ಇನ್ನೊಂದು ಈ ಕ್ಲಬ್. ಮ್ಯಾಡ್ರಿಡ್ ತಂಡದ ಹೆಸರು ಕೇಳದವರಿಲ್ಲ. ಶೆಫೀಲ್ಡ್ ಕ್ಲಬ್ಬಿನ ಪಂದ್ಯಕ್ಕೆ ಸೇರುವವರು ಕೆಲವು ನೂರು ಜನ.

ಇದು 'ನಾನ್-ಲೀಗ್' ಕ್ಲಬ್. 1888ರಲ್ಲಿ 12 ವೃತ್ತಿಪರ ತಂಡಗಳು ಸೇರಿ ಕಟ್ಟಿದ ಫುಟ್‌ಬಾಲ್ ಲೀಗ್ ಮುಂದೆ ಬೆಳೆದು ನಾಲ್ಕು ಮೇಲ್ವಿಭಾಗಗಳಾಯಿತು. ಆ ನಾಲ್ಕರ ಕೆಳಗೆ ಬೇರೆ ಲೀಗುಗಳಲ್ಲಿ ಆಡುವ ನೂರಾರು ಕ್ಲಬ್ಬುಗಳನ್ನು ಒಟ್ಟಾಗಿ ಹೀಗೆ ಕರೆಯುತ್ತಾರೆ. ಅವುಗಳಲ್ಲಿ ಹೆಚ್ಚಿನವು ಮೇಲಕ್ಕೇರಲು ಹವಣಿಸುವಂಥವು, ಇಲ್ಲವೇ ಮೇಲಿನಿಂದ ಜಾರಿಬಿದ್ದಂಥವು. ಶೆಫೀಲ್ಡ್ ಕ್ಲಬ್ಬಿನ ಕಥೆ ಬೇರೆ. ಲೀಗ್ ಹುಟ್ಟುವ ಮೂರು ದಶಕ ಮೊದಲೇ ಅದು ಹುಟ್ಟಿತ್ತು, ಲೀಗಿನಲ್ಲಿ ಆಡಲಾಗುವ ಆಟಕ್ಕೆ ರೂಪ ಕೊಟ್ಟವರಲ್ಲಿ ಒಂದಾಗಿತ್ತು. ಆದರೆ ಹಣ ಪಡೆದು ಆಡುವ ಕಾಲ ಬಂದಾಗ ಬೇಡವೆಂದು ಪಕ್ಕಕ್ಕೆ ಸರಿಯಿತು. ಅದರ ಆರಂಭದ ಬೆಳವಣಿಗೆಯನ್ನು ಗೆದ್ದ ಕಪ್ಪುಗಳಿಂದ ಅಳೆಯಲು ಹೋದರೆ ಕೈಗೆ ಸಿಗುವುದು ಕಡಿಮೆ. ತನ್ನ ಸುತ್ತ ಅದು ಎಷ್ಟು ಎದುರಾಳಿಗಳನ್ನು ಹುಟ್ಟುಹಾಕಿತು, ಅವರೊಂದಿಗೆ ಆಡುತ್ತ ಎಂಥ ನಿಯಮಗಳನ್ನು ರೂಢಿಗೆ ತಂದಿತು ಎಂಬುದೇ ಇಲ್ಲಿ ಮುಖ್ಯ.

ಊರು ಮತ್ತು ಜನ

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಶೆಫೀಲ್ಡ್ ಚೂರಿ, ಕತ್ತರಿ, ಗರಗಸ, ಬೆಳ್ಳಿಲೇಪದ ಪಾತ್ರೆಗಳಿಗೆ ಹೆಸರಾಗಿತ್ತು. ಚೂರಿ ಮಾಡುವ ಕಸುಬು ಹೆಚ್ಚಾಗಿ ಸಣ್ಣ ಸಣ್ಣ ಕಾರ್ಯಾಗಾರಗಳಲ್ಲಿ ನಡೆಯುತ್ತಿತ್ತು. ಭಾರಿ ಉಕ್ಕಿನ ಕಾರ್ಖಾನೆಗಳು ಆಗಷ್ಟೇ ತಲೆ ಎತ್ತುತ್ತಿದ್ದವು. ಹೆನ್ರಿ ಬೆಸೆಮರ್ ತನ್ನ ಹೊಸ ವಿಧಾನದ ಉಕ್ಕಿನ ಕಾರ್ಖಾನೆಯನ್ನು ಅಲ್ಲಿ ತೆರೆದದ್ದು 1858ರಲ್ಲಿ. ಊರಿನಲ್ಲಿ ಕ್ರಿಕೆಟ್ ಚೆನ್ನಾಗಿ ಬೇರೂರಿತ್ತು. ಬ್ರಾಮಲ್ ಲೇನ್ ಮೈದಾನ 1855ರಲ್ಲಿ ತೆರೆದದ್ದೂ ಕ್ರಿಕೆಟ್ಟಿಗಾಗಿಯೇ. ಆದರೆ ಇಂಗ್ಲೆಂಡಿನ ಕ್ರಿಕೆಟ್ ಬೇಸಿಗೆಯ ಆಟ. ಸೆಪ್ಟೆಂಬರ್ ಕಳೆದರೆ ಬ್ಯಾಟು ಮೂಲೆ ಸೇರುತ್ತಿತ್ತು, ಏಪ್ರಿಲ್‌ವರೆಗೆ ಆಟಗಾರರಿಗೆ ಮೈ ಬಗ್ಗಿಸಲು ಏನೂ ಇರುತ್ತಿರಲಿಲ್ಲ.

ಆ ಕೊರತೆಯನ್ನು ತುಂಬಲು ಮುಂದಾದವರು ಶೆಫೀಲ್ಡ್ ಕ್ರಿಕೆಟ್ ಕ್ಲಬ್ಬಿನ ಇಬ್ಬರು ಸದಸ್ಯರು, ನಥಾನಿಯಲ್ ಕ್ರೆಸ್ವಿಕ್ ಮತ್ತು ವಿಲಿಯಂ ಪ್ರೆಸ್ಟ್. 1831ರಲ್ಲಿ ಹುಟ್ಟಿದ ಕ್ರೆಸ್ವಿಕ್ ವೃತ್ತಿಯಿಂದ ವಕೀಲ. ಅವನ ಮನೆತನ ಬೆಳ್ಳಿಲೇಪದ ಪಾತ್ರೆಗಳ ತಯಾರಿಕೆಯಲ್ಲಿತ್ತು. ಪ್ರೆಸ್ಟ್ ಅವನಿಗಿಂತ ಒಂದು ವರ್ಷ ಚಿಕ್ಕವನು, ಯಾರ್ಕ್ ನಗರದಲ್ಲಿ ಹುಟ್ಟಿ ಶೆಫೀಲ್ಡ್‌ಗೆ ಬಂದ ದ್ರಾಕ್ಷಾರಸದ ವ್ಯಾಪಾರಿ, ಒಳ್ಳೆಯ ಕ್ರಿಕೆಟಿಗ. ಮುಂದೆ ಇಬ್ಬರೂ ಹ್ಯಾಲಮ್‌ಷೈರ್ ಸ್ವಯಂಸೇವಕ ರೈಫಲ್ ದಳದಲ್ಲಿ ಅಧಿಕಾರಿಗಳಾದರು. ಪ್ರೆಸ್ಟ್ 1885ರಲ್ಲಿ ತೀರಿಕೊಂಡ. 'ಸರ್' ಪದವಿ ಪಡೆದ ಕ್ರೆಸ್ವಿಕ್ 1917ರವರೆಗೆ ಬದುಕಿದ್ದು, ತಾನು ಕಟ್ಟಿದ ಆಟ ಜಗತ್ತಿನುದ್ದಕ್ಕೂ ಹಬ್ಬಿದ್ದನ್ನು ಕಣ್ಣಾರೆ ಕಂಡ.

ಕ್ಲಬ್ಬಿನ ಮೊದಲ ಕಚೇರಿ ಈಸ್ಟ್ ಬ್ಯಾಂಕ್ ರಸ್ತೆಯ ಪಾರ್ಕ್ ಹೌಸ್ ಎಂಬ ಬಂಗಲೆಯ ಹಿತ್ತಲಿನಲ್ಲಿದ್ದ, ಗಿಡ ಬೆಳೆಸುವ ಗಾಜಿನ ಮನೆ. ಪಕ್ಕದ ಹುಲ್ಲುಗಾವಲೇ ಮೈದಾನ. ಆ ಬಂಗಲೆ ಊರಿನ ಹಿರಿಯ ಗಣ್ಯ ಥಾಮಸ್ ಆಸ್ಲಿನ್ ವಾರ್ಡ್‌ಗೆ ಸೇರಿದ್ದು. ಅವನ ಮಗ ಫ್ರೆಡರಿಕ್ ವಾರ್ಡ್ ಕ್ಲಬ್ಬಿನ ಮೊದಲ ಅಧ್ಯಕ್ಷನಾದ. ಕಾರ್ಯದರ್ಶಿ ಮತ್ತು ಖಜಾಂಚಿಯ ಕೆಲಸ ಎರಡೂ ಕ್ರೆಸ್ವಿಕ್‌ನ ಹೆಗಲಿಗೆ ಬಂದವು. ಸದಸ್ಯರು ಕಾರ್ಖಾನೆದಾರರ ಮಕ್ಕಳು, ವಕೀಲರು, ವೈದ್ಯರು, ವ್ಯಾಪಾರಿಗಳು. ಇವರಲ್ಲಿ ಹಲವರು ಊರಿನ ಕಾಲೀಜಿಯಟ್ ಶಾಲೆಯಲ್ಲಿ ಓದಿದವರು. ಒಟ್ಟಿನಲ್ಲಿ ಅನುಕೂಲಸ್ಥರ ಕೂಟ. ಕೂಲಿಕಾರರಿಗೆ ಇಲ್ಲಿ ಜಾಗವಿರಲಿಲ್ಲ ಎಂಬುದನ್ನು ಮರೆಮಾಚಬೇಕಾಗಿಲ್ಲ. ಮುಂದೆ ಶೆಫೀಲ್ಡ್ ಫುಟ್‌ಬಾಲ್ ನಿಜವಾದ ಅರ್ಥದಲ್ಲಿ ಊರಿನ ಆಟವಾದದ್ದು ಬೇರೆ ಕ್ಲಬ್ಬುಗಳ ಮೂಲಕ.

ನಿಯಮಗಳ ರಚನೆ

ಕ್ಲಬ್ ಕಟ್ಟಿದ್ದಾಯಿತು. ಆದರೆ ಆಡುವುದು ಯಾವ ಆಟವನ್ನು? ಆಗ ಫುಟ್‌ಬಾಲ್ ಎಂದರೆ ಊರಿಗೊಂದು, ಶಾಲೆಗೊಂದು ಪದ್ಧತಿ. ಈಟನ್‌ನ ಆಟ ಹ್ಯಾರೋ ಶಾಲೆಯ ಹುಡುಗನಿಗೆ ಹೊಸದು. ರಗ್ಬಿ ಶಾಲೆಯವರು ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಿದ್ದರು, ಎದುರಾಳಿಯ ಮೊಣಕಾಲಿನ ಕೆಳಗೆ ಒದೆಯುವುದನ್ನು ಪೌರುಷವೆಂದು ಎಣಿಸುತ್ತಿದ್ದರು. ರಗ್ಬಿ ಶಾಲೆ 1845ರಲ್ಲಿ ತನ್ನ ನಿಯಮಗಳನ್ನು ಬರೆದಿಟ್ಟಿತ್ತು, ಕೇಂಬ್ರಿಜ್‌ನ ವಿದ್ಯಾರ್ಥಿಗಳು 1848ರಲ್ಲಿ ಒಂದು ಸಾಮಾನ್ಯ ಕಟ್ಟಳೆಗೆ ಪ್ರಯತ್ನಿಸಿದ್ದರು. ಶಾಲೆ ಕಾಲೇಜುಗಳ ಗೋಡೆಯಾಚೆ, ಬೆಳೆದ ಗಂಡಸರು ತಮ್ಮ ಕ್ಲಬ್ಬಿಗೆಂದು ನಿಯಮ ಬರೆದುಕೊಂಡ ಮೊದಲ ಉದಾಹರಣೆಗಳಲ್ಲಿ ಶೆಫೀಲ್ಡ್‌ನದು ಅತಿ ಮುಖ್ಯವಾದದ್ದು.

1858ರ ಅಕ್ಟೋಬರ್‌ನಲ್ಲಿ ಊರಿನ ಅಡೆಲ್ಫಿ ಹೋಟೆಲಿನಲ್ಲಿ ಸೇರಿದ ಸಭೆಯಲ್ಲಿ ನಿಯಮಗಳು ಅಂಗೀಕಾರವಾದವು, ಮರುವರ್ಷ ಅಚ್ಚಾದವು. (ಈ ಅಡೆಲ್ಫಿ ಹೋಟೆಲನ್ನು ಇಂಗ್ಲಿಷ್ ಕ್ರೀಡೆಯ ತವರೆಂದರೂ ಸಲ್ಲುತ್ತದೆ. ಯಾರ್ಕ್‌ಷೈರ್ ಕೌಂಟಿ ಕ್ರಿಕೆಟ್ ಕ್ಲಬ್ 1863ರಲ್ಲಿ ಅಲ್ಲಿಯೇ ಹುಟ್ಟಿತು, 1867ರಲ್ಲಿ ಇಂದಿನ ಶೆಫೀಲ್ಡ್ ವೆನ್ಸ್‌ಡೇ ಕೂಡ. ಹೋಟೆಲ್ ಕೆಡವಿದ ಜಾಗದಲ್ಲಿ ಎದ್ದ ಕ್ರೂಸಿಬಲ್ ರಂಗಮಂದಿರದಲ್ಲಿ 1977ರಿಂದ ವಿಶ್ವ ಸ್ನೂಕರ್ ಚಾಂಪಿಯನ್‌ಷಿಪ್ ನಡೆಯುತ್ತಿದೆ.)

ಒಟ್ಟು 11 ನಿಯಮಗಳು, ಒಂದು ಹಾಳೆಯಲ್ಲಿ ಹಿಡಿಸುವಷ್ಟು. ಇಂದಿನ ಓದುಗನಿಗೆ ಅವುಗಳಲ್ಲಿ ಕೆಲವು ಪರಿಚಿತ, ಕೆಲವು ವಿಚಿತ್ರ. ಆಟ ಶುರುವಾಗುವುದು ಮೈದಾನದ ನಡುವಿನಿಂದ, ನೆಲದ ಮೇಲಿಟ್ಟ ಚೆಂಡನ್ನು ಒದೆಯುವ ಮೂಲಕ. ಎದುರಾಳಿಯನ್ನು ಕೈಯಿಂದ ನೂಕಬಹುದು, ಆದರೆ ಹಿಡಿದೆಳೆಯುವಂತಿಲ್ಲ. ಕಾಲಿಗೆ ಒದೆಯುವುದು, ಕಾಲು ಕೊಟ್ಟು ಬೀಳಿಸುವುದು ಯಾವ ಕಾರಣಕ್ಕೂ ಕೂಡದು. ಚೆಂಡನ್ನು ಕೈಯಿಂದ ತಳ್ಳಬಹುದು, ಹೊಡೆಯಬಹುದು, ಹಿಡಿದುಕೊಂಡು ಓಡುವಂತಿಲ್ಲ. ನೆಲಕ್ಕೆ ಬೀಳುವ ಮುನ್ನ ಹಿಡಿದರೆ ಮಾತ್ರ ಹಿಡಿದವನಿಗೆ ಫ್ರೀ ಕಿಕ್. ಅದರಿಂದ ನೇರವಾಗಿ ಗೋಲು ಹೊಡೆಯುವಂತಿಲ್ಲ. ಮೈದಾನದ ಗೆರೆ ದಾಟಿದ ಚೆಂಡನ್ನು ಮೊದಲು ಮುಟ್ಟಿದ ಪಕ್ಷದವರು ಗೆರೆಯಿಂದ ನೆಟ್ಟಗೆ ಒಳಕ್ಕೆ ಎಸೆಯಬೇಕು. ಕೊನೆಯ ನಿಯಮ ಆಟದ್ದಲ್ಲ, ಉಡುಪಿನದು: ಪ್ರತಿಯೊಬ್ಬ ಆಟಗಾರನೂ ಒಂದು ಕೆಂಪು, ಒಂದು ಗಾಢ ನೀಲಿ, ಹೀಗೆ ಫ್ಲಾನೆಲ್ ಬಟ್ಟೆಯ ಎರಡು ಟೋಪಿ ಇಟ್ಟುಕೊಂಡಿರಬೇಕು, ಒಂದು ಪಕ್ಷಕ್ಕೆ ಒಂದು ಬಣ್ಣ.

ಈ ಟೋಪಿಯ ನಿಯಮ ಆ ಕಾಲದ ಪರಿಸ್ಥಿತಿಯನ್ನು ಬೇರೆಲ್ಲಕ್ಕಿಂತ ಚೆನ್ನಾಗಿ ತಿಳಿಸುತ್ತದೆ. ಅಲ್ಲಿದ್ದದ್ದು ಒಂದೇ ಕ್ಲಬ್. ಆಡಲು ಬೇರೆ ಯಾರೂ ಇರಲಿಲ್ಲ. ಆದ್ದರಿಂದ ಸದಸ್ಯರೇ ಎರಡಾಗಿ ಒಡೆದು ಆಡಿಕೊಳ್ಳಬೇಕಿತ್ತು. ಮದುವೆಯಾದವರು ಒಂದು ಕಡೆ, ಆಗದವರು ಇನ್ನೊಂದು ಕಡೆ. ಇಲ್ಲವೇ ಹೆಸರಿನ ಮೊದಲಕ್ಷರ ನೋಡಿ, ಅಕ್ಷರಮಾಲೆಯ ಮೊದಲರ್ಧದವರು ಒಂದು ತಂಡ, ಉಳಿದರ್ಧದವರು ಮತ್ತೊಂದು. ಈ ವಾರ ಜೊತೆಗಾರನಾದವನು ಮುಂದಿನ ವಾರ ಎದುರಾಳಿ. ಹೀಗಾಗಿ ಎರಡೂ ಬಣ್ಣದ ಟೋಪಿ ಕೈಯಲ್ಲಿರಬೇಕಿತ್ತು.

ಈ ನಿಯಮಗಳ ಮೂಲ ಯಾವುದೆಂಬುದರ ಬಗ್ಗೆ ಚರ್ಚೆ ಇದೆ. ದೊಡ್ಡ ಖಾಸಗಿ ಶಾಲೆಗಳ ಆಟವೇ ಶೆಫೀಲ್ಡ್‌ಗೆ ಇಳಿದು ಬಂತೆಂಬುದು ಹಳೆಯ ವಾದ. ಏಡ್ರಿಯನ್ ಹಾರ್ವಿಯಂಥ ಇತಿಹಾಸಕಾರರು ಇದನ್ನು ಪ್ರಶ್ನಿಸಿ, ಆ ಸೀಮೆಯ ಹಳ್ಳಿಗಳಲ್ಲಿ ಜನಸಾಮಾನ್ಯರು ಆಡುತ್ತಿದ್ದ ಫುಟ್‌ಬಾಲಿನ ಕಡೆಗೆ ಬೆರಳು ತೋರಿದ್ದಾರೆ. ಶಾಲೆಗಳ ನಿಯಮಗಳ ಛಾಯೆ ಬರಹದಲ್ಲಿ ಕಾಣುವುದು ನಿಜ. ಆದರೆ ಇಷ್ಟು ಬೇಗ ಇಷ್ಟೊಂದು ಕ್ಲಬ್ಬುಗಳು ಸುತ್ತಲೂ ಎದ್ದವೆಂದರೆ, ಅಲ್ಲಿನ ಜನಕ್ಕೆ ಚೆಂಡು ಒದೆಯುವುದು ಹೊಸ ವಿದ್ಯೆಯಾಗಿರಲಿಲ್ಲ ಎಂದೇ ತಿಳಿಯಬೇಕು.

ಮೊದಲ ಎದುರಾಳಿ

1860ರಲ್ಲಿ ನಗರದ ಪಶ್ಚಿಮದ ಹ್ಯಾಲಮ್ ಎಂಬಲ್ಲಿ ಎರಡನೆಯ ಕ್ಲಬ್ ಹುಟ್ಟಿತು. ಅದೂ ಕ್ರಿಕೆಟ್ ಕ್ಲಬ್ಬಿನಿಂದಲೇ ಟಿಸಿಲೊಡೆದದ್ದು. ಆ ವರ್ಷದ ಡಿಸೆಂಬರ್ 26ರಂದು, ಕ್ರಿಸ್‌ಮಸ್ಸಿನ ಮರುದಿನ, ಹ್ಯಾಲಮ್‌ನ ಸ್ಯಾಂಡಿಗೇಟ್ ಮೈದಾನದಲ್ಲಿ ಇಬ್ಬರೂ ಎದುರಾದರು. ಎರಡು ಫುಟ್‌ಬಾಲ್ ಕ್ಲಬ್ಬುಗಳ ನಡುವೆ ನಡೆದ ಮೊದಲ ಪಂದ್ಯವೆಂದು ಇದನ್ನು ಎಣಿಸುತ್ತಾರೆ. ನೆಲದ ತುಂಬ ಹಿಮ. ಶೆಫೀಲ್ಡ್‌ನವರ ಕಡುಗೆಂಪು ಮತ್ತು ಬಿಳಿ, ಹ್ಯಾಲಮ್‌ನವರ ನೀಲಿ, ಈ ಬಣ್ಣಗಳು ಹಿಮದ ಬಿಳುಪಿನಲ್ಲಿ ಎದ್ದು ಕಂಡದ್ದನ್ನು ಪತ್ರಿಕೆಯ ವರದಿಗಾರ ಮೆಚ್ಚಿ ಬರೆದ. ಹ್ಯಾಲಮ್‌ನ ಕಡೆ ಜನ ಹೆಚ್ಚಿದ್ದರೂ ಗೆದ್ದದ್ದು ಶೆಫೀಲ್ಡ್, 2–0ರಿಂದ. ಸ್ಯಾಂಡಿಗೇಟ್‌ನಲ್ಲಿ ಹ್ಯಾಲಮ್ ಕ್ಲಬ್ ಈಗಲೂ ಆಡುತ್ತದೆ. ಜಗತ್ತಿನ ಅತಿ ಹಳೆಯ ಫುಟ್‌ಬಾಲ್ ಮೈದಾನವೆಂಬ ಹಿರಿಮೆ ಅದಕ್ಕಿದೆ.

ಎದುರಾಳಿ ಸಿಕ್ಕ ಮೇಲೆ ಆಟದ ಬಿಸಿಯೂ ಏರಿತು. 1862ರ ಡಿಸೆಂಬರ್ 29ರಂದು ಇವೇ ತಂಡಗಳು ಬ್ರಾಮಲ್ ಲೇನ್‌ನಲ್ಲಿ ಆಡಿದವು. ಅಮೆರಿಕದ ಅಂತರ್ಯುದ್ಧದಿಂದ ಹತ್ತಿ ಬರುವುದು ನಿಂತು, ಪಕ್ಕದ ಲ್ಯಾಂಕಾಷೈರ್‌ನ ಗಿರಣಿ ಕಾರ್ಮಿಕರು ಹಸಿವಿನಿಂದ ಕಂಗೆಟ್ಟಿದ್ದ ಕಾಲ ಅದು. ಪಂದ್ಯದ ಹಣ ಅವರ ಪರಿಹಾರ ನಿಧಿಗೆ. ಇಂಥ ಸತ್ಕಾರ್ಯದ ನಡುವೆಯೇ ಮೇಜರ್ ಕ್ರೆಸ್ವಿಕ್‌ಗೂ ಹ್ಯಾಲಮ್‌ನ ಒಬ್ಬ ಆಟಗಾರನಿಗೂ ಕೈಕೈ ಮಿಲಾಯಿಸಿತು. ಪ್ರೇಕ್ಷಕರೂ ಒಳನುಗ್ಗಿದರು. ಗಲಾಟೆ ತಣ್ಣಗಾದ ಮೇಲೆ ಆ ಆಟಗಾರನನ್ನು ಹೊರಗೆ ಕಳಿಸಲಿಲ್ಲ, ಗೋಲು ಕಾಯಲು ಹಿಂದಕ್ಕೆ ನಿಲ್ಲಿಸಿದರು. ಕೆಂಪು ಕಾರ್ಡು ಇಲ್ಲದ ಕಾಲದಲ್ಲಿ ಅದೇ ಶಿಕ್ಷೆ. ಮುಂದೆ ಕೆಲವು ದಿನ ಎರಡೂ ಕಡೆಯವರು ಪತ್ರಿಕೆಗಳಲ್ಲಿ ತಂತಮ್ಮ ವಾದ ಮಂಡಿಸಿದರು.

ಆ ಹೊತ್ತಿಗೆ ಸುತ್ತಮುತ್ತ ಹತ್ತಾರು ಕ್ಲಬ್ಬುಗಳು ಎದ್ದಿದ್ದವು, ಎಲ್ಲವೂ ಶೆಫೀಲ್ಡ್ ನಿಯಮಗಳಂತೆ ಆಡುತ್ತಿದ್ದವು. ಗಾಜಿನ ಮನೆಯ ಸಭೆಗಳಿಂದ ಐದಾರು ವರ್ಷಗಳಲ್ಲಿ ಇಷ್ಟು ಬೆಳವಣಿಗೆ ಆ ಕಾಲದ ಇಂಗ್ಲೆಂಡಿನ ಬೇರಾವ ಊರಿನಲ್ಲೂ ಕಾಣದು. ಕ್ಲಬ್ ಹೆಚ್ಚು ಗಟ್ಟಿ ಎದುರಾಳಿಗಳನ್ನು ಹುಡುಕಿಕೊಂಡು ಊರಾಚೆಗೂ ಹೊರಟಿತು. 1865ರ ಜನವರಿಯಲ್ಲಿ ನಾಟಿಂಗ್‌ಹ್ಯಾಮ್‌ಗೆ ಹೋಗಿ, 1862ರಲ್ಲಿ ಹುಟ್ಟಿದ್ದ ನಾಟ್ಸ್ ಕೌಂಟಿಯ ವಿರುದ್ಧ ಆಡಿ ಗೆದ್ದಿತು.

ನಿಯಮಗಳೂ ಆಡುತ್ತ ಆಡುತ್ತ ಬದಲಾದವು. ಶೆಫೀಲ್ಡ್‌ನ ಗೋಲು ಆಗ ನಾಲ್ಕೇ ಗಜ ಅಗಲ, ಒಂಬತ್ತು ಅಡಿ ಎತ್ತರದಲ್ಲಿ ಅಡ್ಡಪಟ್ಟಿ. ಇಂದಿನ ಎಂಟು ಗಜದ ಗೋಲಿಗೆ ಹೋಲಿಸಿದರೆ ಅರ್ಧ. ಗೋಲು ಬೀಳುವುದೇ ಅಪರೂಪವಾಗಿ ಪಂದ್ಯಗಳು ತೀರ್ಮಾನವಾಗದೆ ಮುಗಿಯುತ್ತಿದ್ದವು. ಅದಕ್ಕೆ ಪರಿಹಾರವಾಗಿ 1862ರಲ್ಲಿ 'ರೂಜ್' ಬಂತು. ಗೋಲುಕಂಬಗಳ ಆಚೀಚೆ ನಾಲ್ಕು ನಾಲ್ಕು ಗಜ ದೂರದಲ್ಲಿ ಎರಡು ಬಾವುಟ ನೆಡುತ್ತಿದ್ದರು. ಆ ಬಾವುಟಗಳ ನಡುವೆ ಗೆರೆ ದಾಟಿದ ಚೆಂಡನ್ನು ದಾಳಿಯ ಪಕ್ಷದವನು ಓಡಿಹೋಗಿ ಮೊದಲು ಮುಟ್ಟಿದರೆ ಒಂದು ರೂಜ್. ಗೋಲುಗಳು ಸಮವಾದಾಗ ರೂಜ್ ಎಣಿಸಿ ಗೆಲುವು ತೀರ್ಮಾನಿಸುತ್ತಿದ್ದರು. 1868ರಲ್ಲಿ ಗೋಲನ್ನು ಎಂಟು ಗಜಕ್ಕೆ ಹಿಗ್ಗಿಸಿ ರೂಜ್ ಅನ್ನು ಕೈಬಿಟ್ಟರು. ತಪ್ಪಾಟಕ್ಕೆ ಎದುರಾಳಿಗೆ ಫ್ರೀ ಕಿಕ್ ಕೊಡುವುದು, ಮೂಲೆಯಿಂದ ಒದೆಯುವ ಕಾರ್ನರ್ ಕಿಕ್, ಇವು ಶೆಫೀಲ್ಡ್‌ನಲ್ಲಿ ರೂಢಿಯಾಗಿ ಆಮೇಲೆ ಎಲ್ಲೆಡೆಗೆ ಹಬ್ಬಿದವು. ಕಾರ್ನರ್ ಕಿಕ್ ಅನ್ನು ಲಂಡನ್ನಿನ ಫುಟ್‌ಬಾಲ್ ಅಸೋಸಿಯೇಷನ್ ಒಪ್ಪಿಕೊಂಡದ್ದು 1872ರಲ್ಲಿ.

ಲಂಡನ್ನಿನೊಂದಿಗೆ

ಲಂಡನ್ನಿನ ಫ್ರೀಮೇಸನ್ಸ್ ಟ್ಯಾವರ್ನ್‌ನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಹುಟ್ಟಿದ್ದು 1863ರ ಅಕ್ಟೋಬರ್ 26ರಂದು. ಶೆಫೀಲ್ಡ್ ಕ್ಲಬ್ಬಿಗೆ ಆಗಲೇ ಆರು ವರ್ಷ. ಸುದ್ದಿ ತಿಳಿದ ಕೂಡಲೇ ಕ್ಲಬ್ಬಿನ ಕಾರ್ಯದರ್ಶಿ ವಿಲಿಯಂ ಚೆಸ್ಟರ್‌ಮನ್ ಸದಸ್ಯತ್ವ ಕೋರಿ ಪತ್ರ ಬರೆದ, ಜೊತೆಗೆ ತಮ್ಮ ನಿಯಮಗಳನ್ನೂ ಕಳಿಸಿದ. ಚೆಂಡು ಹಿಡಿದು ಓಡಬಹುದು, ಓಡುವವನ ಕಾಲಿಗೆ ಒದೆಯಬಹುದು ಎಂಬ ಎರಡು ನಿಯಮಗಳು ಆಗ ಲಂಡನ್ನಿನ ಕರಡಿನಲ್ಲಿದ್ದವು. ಇವು ಕುಸ್ತಿಗೆ ಸಲ್ಲಬಹುದೇ ಹೊರತು ಫುಟ್‌ಬಾಲಿಗೆ ಸಲ್ಲವು ಎಂಬುದು ಚೆಸ್ಟರ್‌ಮನ್ ಪತ್ರದ ತಾತ್ಪರ್ಯ. ಡಿಸೆಂಬರ್‌ನಲ್ಲಿ ಅಸೋಸಿಯೇಷನ್ ಅವೆರಡನ್ನೂ ಕೈಬಿಟ್ಟಿತು. ಅದನ್ನು ವಿರೋಧಿಸಿದ ಬ್ಲ್ಯಾಕ್‌ಹೀತ್ ಕ್ಲಬ್ ಹೊರನಡೆಯಿತು, ಫುಟ್‌ಬಾಲ್ ಮತ್ತು ರಗ್ಬಿಯ ದಾರಿ ಅಲ್ಲಿಂದ ಬೇರೆಯಾಯಿತು. ಲಂಡನ್ನಿನ ಒಳಗೂ ಇದೇ ಅಭಿಪ್ರಾಯ ಬಲವಾಗಿತ್ತು, ಹಾಗಾಗಿ ಇಡೀ ಕೀರ್ತಿಯನ್ನು ಶೆಫೀಲ್ಡ್‌ಗೆ ಕೊಡಲಾಗದು. ಆದರೆ ಆ ಪತ್ರದ ಹಿಂದೆ ಐದು ವರ್ಷ ಮೈದಾನದಲ್ಲಿ ಆಡಿ ನೋಡಿದ ಅನುಭವವಿತ್ತು. ಕರಡು ಬರೆದವರ ನಿಯಮಗಳು ಇನ್ನೂ ಕಾಗದ ಬಿಟ್ಟು ಇಳಿದಿರಲಿಲ್ಲ.

ಅಸೋಸಿಯೇಷನ್ನಿನ ಸದಸ್ಯನಾದರೂ ಶೆಫೀಲ್ಡ್ ಮನೆಯಲ್ಲಿ ತನ್ನ ನಿಯಮಗಳನ್ನು ಬಿಡಲಿಲ್ಲ. 1866ರ ಮಾರ್ಚ್ 31ರಂದು ಲಂಡನ್ನಿನ ಬ್ಯಾಟರ್‌ಸೀ ಉದ್ಯಾನದಲ್ಲಿ ಎರಡೂ ನಗರಗಳ ನಡುವೆ ಪಂದ್ಯ ನಡೆಯಿತು, ಲಂಡನ್ನಿನ ನಿಯಮದಂತೆ. ಮೂರು ಗಂಟೆಗೆ ಶುರು, ನಾಲ್ಕೂವರೆಗೆ ಮುಕ್ತಾಯ ಎಂದು ಮೊದಲೇ ಗೊತ್ತುಮಾಡಿದ್ದರು. ಇಂದಿನ 90 ನಿಮಿಷದ ಆಟದ ಬೇರನ್ನು ಹಲವರು ಇಲ್ಲಿ ಗುರುತಿಸುತ್ತಾರೆ. ಲಂಡನ್ ಎರಡು ಗೋಲುಗಳಿಂದ ಗೆದ್ದಿತು. ಶೆಫೀಲ್ಡ್‌ನವರು ಚೆಂಡನ್ನು ತಲೆಯಿಂದ ಹೊಡೆದಾಗ ಲಂಡನ್ನಿನವರಿಗೆ ನಗು ತಡೆಯಲಾಗಲಿಲ್ಲ ಎಂಬ ಮಾತು ಪ್ರಚಲಿತವಾಗಿದೆ. ಆಟದಲ್ಲಿ ತಲೆಗೂ ಕೆಲಸವಿದೆ ಎಂಬುದು ದಕ್ಷಿಣದವರಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಅಸೋಸಿಯೇಷನ್ನಿನ ಸ್ಥಿತಿಯೂ ಆಗ ನೆಟ್ಟಗಿರಲಿಲ್ಲ. 1867ರ ವಾರ್ಷಿಕ ಸಭೆಗೆ ಬಂದವರು ಬೆರಳೆಣಿಕೆಯಷ್ಟು ಮಂದಿ. ಸಂಸ್ಥೆಯನ್ನು ಮುಂದುವರಿಸಬೇಕೋ ವಿಸರ್ಜಿಸಬೇಕೋ ಎಂಬ ಪ್ರಶ್ನೆಯನ್ನು ಅದರ ಸ್ಥಾಪಕ ಎಬೆನೀಜರ್ ಮಾರ್ಲಿಯೇ ಎತ್ತಿದ. ಅಂದು ಶೆಫೀಲ್ಡ್‌ನಿಂದ ಬಂದಿದ್ದ ಚೆಸ್ಟರ್‌ಮನ್ ತನ್ನ ಊರಿನ ಬೆಂಬಲವನ್ನು ಸಭೆಯ ಮುಂದಿಟ್ಟ. ಸಂಸ್ಥೆ ಉಳಿಯಿತು. ಶೆಫೀಲ್ಡ್‌ನ ಬೇರೆಲ್ಲ ಕೊಡುಗೆಗಳನ್ನು ಬದಿಗಿಟ್ಟರೂ ಈ ಒಂದು ಸಂಜೆಯ ನೆರವಿಗೆ ಅದನ್ನು ನೆನೆಯಬೇಕು.

ಅದೇ ವರ್ಷ ಶೆಫೀಲ್ಡ್‌ನಲ್ಲಿ ನಾಟಕ ಮಂದಿರದ ಒಡೆಯ ಥಾಮಸ್ ಯೂಡನ್ ಒಂದು ಬಹುಮಾನ ಇಟ್ಟು 12 ಕ್ಲಬ್ಬುಗಳ ಪಂದ್ಯಾವಳಿ ನಡೆಸಿದ. ಜಗತ್ತಿನ ಮೊದಲ ಫುಟ್‌ಬಾಲ್ ಟೂರ್ನಿ ಇದು. ಹ್ಯಾಲಮ್ ತಂಡ ಫೈನಲ್‌ನಲ್ಲಿ ನಾರ್ಫೋಕ್ ತಂಡವನ್ನು ರೂಜ್‌ಗಳ ಲೆಕ್ಕದಲ್ಲಿ ಸೋಲಿಸಿತು. ಶೆಫೀಲ್ಡ್ ಕ್ಲಬ್ ಅದರಲ್ಲಿ ಆಡಲಿಲ್ಲ. ಆದರೂ ಪ್ರತಿ ತಂಡವೂ ಆಡಿದ್ದು ಶೆಫೀಲ್ಡ್ ಕ್ಲಬ್ಬಿನ ನಿಯಮಗಳಿಂದ ಬೆಳೆದ ಆಟವನ್ನೇ. ಟೂರ್ನಿಯ ಬೆನ್ನಿಗೇ ಊರಿನ ಕ್ಲಬ್ಬುಗಳು ಸೇರಿ ಶೆಫೀಲ್ಡ್ ಫುಟ್‌ಬಾಲ್ ಅಸೋಸಿಯೇಷನ್ ಕಟ್ಟಿಕೊಂಡವು. ನಿಯಮ ಮಾಡುವ ಅಧಿಕಾರ ಒಂದು ಕ್ಲಬ್ಬಿನ ಕೈಯಿಂದ ಎಲ್ಲರ ಕೈಗೆ ಬಂತು. ಲಂಡನ್ ಮತ್ತು ಶೆಫೀಲ್ಡ್ ತಂಡಗಳು 1870ರ ದಶಕದುದ್ದಕ್ಕೂ ಒಮ್ಮೆ ಇವರ ನಿಯಮ, ಒಮ್ಮೆ ಅವರ ನಿಯಮದಲ್ಲಿ ಆಡುತ್ತ ಹತ್ತಿರ ಬಂದವು. 1877ರ ಏಪ್ರಿಲ್‌ನಲ್ಲಿ ಥ್ರೋ-ಇನ್ ಬಗ್ಗೆ ಲಂಡನ್ ಒಂದಿಷ್ಟು ಬಗ್ಗಿತು, ಆಫ್‌ಸೈಡ್ ಬಗ್ಗೆ ಶೆಫೀಲ್ಡ್ ಬಗ್ಗಿತು. ಆಗಿನಿಂದ ಇಂಗ್ಲೆಂಡಿಗೆಲ್ಲ ಒಂದೇ ನಿಯಮಾವಳಿ.

ಇದರ ನಡುವೆ ಕ್ಲಬ್ 1873–74ರಲ್ಲಿ ಫುಟ್‌ಬಾಲ್ ಅಸೋಸಿಯೇಷನ್ನಿನ ಪಂದ್ಯಾವಳಿಯಾದ ಎಫ್‌ಎ ಕಪ್‌ಗೆ ಇಳಿದಿತ್ತು. ಮೊದಲ ಸುತ್ತಿನಲ್ಲಿ ಷ್ರಾಪ್‌ಷೈರ್ ವಾಂಡರರ್ಸ್ ವಿರುದ್ಧ ಎರಡು ಸಲ ಆಡಿದರೂ ಗೋಲೇ ಬೀಳಲಿಲ್ಲ. ಕೊನೆಗೆ ನಾಣ್ಯ ಚಿಮ್ಮಿ ಶೆಫೀಲ್ಡ್ ಮುಂದಿನ ಸುತ್ತಿಗೆ ಹೋಯಿತು. ಆ ಕಪ್ಪಿನ ಇತಿಹಾಸದಲ್ಲಿ ನಾಣ್ಯದಿಂದ ತೀರ್ಮಾನವಾದ ಪಂದ್ಯ ಅದೊಂದೇ.

ಹಣದ ಕಾಲ

ಸೋಲು ಬಂದದ್ದು ಮೈದಾನದ ಹೊರಗಿನಿಂದ. 1876ರಲ್ಲಿ ಸ್ಕಾಟ್ಲೆಂಡಿನ ಜೆ. ಜೆ. ಲ್ಯಾಂಗ್ ಎಂಬ ಆಟಗಾರ ಶೆಫೀಲ್ಡ್‌ಗೆ ಬಂದು ವೆನ್ಸ್‌ಡೇ ಕ್ಲಬ್ಬಿಗೆ ಆಡತೊಡಗಿದ. ಅವನಿಗೆ ಒಂದು ಚೂರಿ ಕಾರ್ಖಾನೆಯಲ್ಲಿ ನೌಕರಿ ಇತ್ತು, ಕೆಲಸ ಮಾತ್ರ ಇರಲಿಲ್ಲ. ಸಂಬಳ ಕೊಡುತ್ತಿದ್ದದ್ದು ಫುಟ್‌ಬಾಲಿಗೆ ಎಂಬುದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ಇಂಥ ಏರ್ಪಾಡುಗಳು ಉತ್ತರದ ಊರುಗಳಲ್ಲೆಲ್ಲ ಹೆಚ್ಚಿ, 1885ರಲ್ಲಿ ಅಸೋಸಿಯೇಷನ್ ವೃತ್ತಿಪರ ಆಟಕ್ಕೆ ಅಧಿಕೃತ ಒಪ್ಪಿಗೆ ಕೊಟ್ಟಿತು. 1889ರಲ್ಲಿ ಬ್ರಾಮಲ್ ಲೇನ್‌ನಲ್ಲಿ ಶೆಫೀಲ್ಡ್ ಯುನೈಟೆಡ್ ಹುಟ್ಟಿತು. 1892ರಲ್ಲಿ ವೆನ್ಸ್‌ಡೇ ಮತ್ತು ಯುನೈಟೆಡ್ ಎರಡೂ ಫುಟ್‌ಬಾಲ್ ಲೀಗ್ ಸೇರಿದವು. ಊರಿನ ಜನ ಆ ಎರಡು ತಂಡಗಳ ನಡುವೆ ಹಂಚಿಹೋದರು.

ಶೆಫೀಲ್ಡ್ ಕ್ಲಬ್ ಹವ್ಯಾಸಿಯಾಗಿಯೇ ಉಳಿಯಿತು. ಇದನ್ನು ಉದಾತ್ತ ತ್ಯಾಗವೆಂದು ಬಣ್ಣಿಸುವವರಿದ್ದಾರೆ. ಆದರೆ ಹಣ ಪಡೆಯದೆ ಆಡುವುದು ಉಳ್ಳವರಿಗೆ ಸುಲಭ. ಪಾಳಿ ಬಿಟ್ಟರೆ ಆ ದಿನದ ಕೂಲಿ ಕಳೆದುಕೊಳ್ಳುವ ಕಾರ್ಮಿಕನಿಗೆ ಸುಲಭವಲ್ಲ. ವೃತ್ತಿಪರತೆಯಿಂದ ಆಟ ದುಡಿಯುವವರ ಕೈಸೇರಿದ್ದು ಒಳ್ಳೆಯದೇ ಆಯಿತು. ಹಾಗಿದ್ದೂ ಶೆಫೀಲ್ಡ್‌ನವರ ನಿಷ್ಠೆಯಲ್ಲಿ ಕಪಟವಿರಲಿಲ್ಲ. ಹವ್ಯಾಸಿ ಎಂದು ಹೇಳಿಕೊಂಡು ಒಳಗೊಳಗೇ ಹಣ ಹಂಚುತ್ತಿದ್ದ ಕ್ಲಬ್ಬುಗಳು ಆ ಕಾಲದಲ್ಲಿ ಹಲವಿದ್ದವು. ಇವರು ನುಡಿದಂತೆ ನಡೆದರು, ಅದರ ಬೆಲೆಯನ್ನೂ ತೆತ್ತರು. ವೃತ್ತಿಪರ ತಂಡಗಳ ಎದುರು ಸೋಲು ಮಾಮೂಲಾಯಿತು.

ದಾರಿ ಹುಡುಕಿದ್ದೂ ಅವರೇ. ಹವ್ಯಾಸಿಗಳಿಗೆಂದು ಬೇರೆಯೇ ಕಪ್ ಇರಲಿ ಎಂದು 1892ರಲ್ಲಿ ಕ್ಲಬ್ ಸೂಚಿಸಿತು. ಅಸೋಸಿಯೇಷನ್ ಮೊದಲು ಒಪ್ಪದಿದ್ದರೂ 1893–94ರಿಂದ ಎಫ್‌ಎ ಅಮೆಚೂರ್ ಕಪ್ ಶುರುವಾಯಿತು. ಸೂಚಿಸಿದವರು ಅದನ್ನು ಗೆಲ್ಲಲು ಹತ್ತು ವರ್ಷ ಹಿಡಿಯಿತು. 1904ರ ಏಪ್ರಿಲ್‌ನಲ್ಲಿ ಬ್ರಾಡ್‌ಫರ್ಡ್‌ನ ವ್ಯಾಲಿ ಪೆರೇಡ್ ಮೈದಾನದಲ್ಲಿ ಈಲಿಂಗ್ ತಂಡವನ್ನು 3–1ರಿಂದ ಸೋಲಿಸಿ ಶೆಫೀಲ್ಡ್ ಕಪ್ ಎತ್ತಿತು. ಕ್ಲಬ್ಬಿನ ಅತಿ ದೊಡ್ಡ ಗೆಲುವು ಇಂದಿಗೂ ಇದೇ. 1977ರಲ್ಲಿ ಎಫ್‌ಎ ವಾಸ್ ಟೂರ್ನಿಯ ಫೈನಲ್ ತಲುಪಿದ್ದು ಅದರ ನಂತರದ ಸಾಧನೆ.

ಸ್ವಂತ ಮೈದಾನ ಎಂಬುದು ಕ್ಲಬ್ಬಿಗೆ ಬಹುಕಾಲ ಕೈಗೆಟುಕಲಿಲ್ಲ. ಒಂದೂವರೆ ಶತಮಾನದಷ್ಟು ಕಾಲ ಬಾಡಿಗೆ ಮೈದಾನಗಳಲ್ಲಿ ಅಲೆದಾಡಿ, 2001ರಲ್ಲಿ ನಗರದ ದಕ್ಷಿಣಕ್ಕೆ, ಡರ್ಬಿಷೈರ್‌ನ ಗಡಿಯೊಳಗಿರುವ ಡ್ರಾನ್‌ಫೀಲ್ಡ್ ಎಂಬ ಪಟ್ಟಣದಲ್ಲಿ 'ಕೋಚ್ ಅಂಡ್ ಹಾರ್ಸಸ್' ಹೋಟೆಲಿನ ಪಕ್ಕದಲ್ಲಿ ನೆಲೆ ಮಾಡಿಕೊಂಡಿತು. 2007ರಲ್ಲಿ 150 ತುಂಬಿದಾಗ ಇಟಲಿಯ ಇಂಟರ್ ಮಿಲಾನ್ ತಂಡ ಬ್ರಾಮಲ್ ಲೇನ್‌ಗೆ ಬಂದು ಗೌರವದ ಪಂದ್ಯವಾಡಿತು. ಪೆಲೆ ಅತಿಥಿಯಾಗಿ ಬಂದಿದ್ದರು.

ಕೈಬರಹದ ಮೊದಲ ನಿಯಮಗಳ ಕರಡು, 1859ರ ಮುದ್ರಿತ ಪ್ರತಿ, ಹಳೆಯ ನಡಾವಳಿ ಪುಸ್ತಕಗಳು ಅಷ್ಟೂ ಕಾಲ ಕ್ಲಬ್ಬಿನ ಬಳಿಯೇ ಇದ್ದವು. 2011ರ ಜುಲೈನಲ್ಲಿ ಲಂಡನ್ನಿನ ಸಾದಬೀಸ್ ಹರಾಜಿನಲ್ಲಿ ಅವು 8,81,250 ಪೌಂಡಿಗೆ ಮಾರಾಟವಾದವು. ಆಟದ ಸೌಲಭ್ಯಗಳನ್ನು ಕಟ್ಟಲು ಹಣ ಬೇಕೆಂಬುದು ಕ್ಲಬ್ಬಿನ ಕಾರಣವಾಗಿತ್ತು. ಈ ಮಾರಾಟಕ್ಕೆ ಕ್ಲಬ್ಬನ್ನು ದೂರುವುದು ನ್ಯಾಯವಲ್ಲ. ಅದೇ ನಿಯಮಗಳಿಂದ ಬೆಳೆದ ಆಟ ಅಂದಿಗಾಗಲೇ ವರ್ಷಕ್ಕೆ ಕೋಟಿಗಟ್ಟಲೆ ಪೌಂಡ್ ವಹಿವಾಟು ನಡೆಸುತ್ತಿತ್ತು. ಆ ಹಾಳೆಗಳನ್ನು ಕೊಂಡು ಸಾರ್ವಜನಿಕರಿಗಾಗಿ ಶೆಫೀಲ್ಡ್‌ನಲ್ಲಿಯೇ ಉಳಿಸುವ ಹೊಣೆ ಆಟದ ದೊಡ್ಡ ಸಂಸ್ಥೆಗಳದಾಗಬೇಕಿತ್ತು.